ಒಂದೇ ಪಾತ್ರೆಗೆ ಮೂರು ಸಲ ಅರಿಶಿನ

ಅಡುಗೆ ಪುಸ್ತಕಗಳೆಲ್ಲ 'ಚಿಟಿಕೆ ಅರಿಶಿನ' ಅನ್ನುತ್ತವೆ. ಅಡುಗೆಮನೆಯಲ್ಲಿ ಆ ಚಿಟಿಕೆ ಯಾವತ್ತೋ ಚಮಚ ಆಗಿಹೋಗಿದೆ. ಒಗ್ಗರಣೆ ಡಬ್ಬಿಯ ಏಳು ಬಟ್ಟಲಿಗೂ ಸೇರಿ ಇರುವುದು ಒಂದೇ ಚಮಚ. ಸಾಸಿವೆಗೆ ಎಷ್ಟೋ ಅರಿಶಿನಕ್ಕೂ ಅಷ್ಟೇ.

ಒಂದು ಹುಳಿ ಮಾಡುವುದನ್ನು ನಿಂತು ನೋಡಿ. ತೊಗರಿಬೇಳೆ ಕುಕ್ಕರಿಗೆ ಇಡುವಾಗ ಎಣ್ಣೆಯ ಜೊತೆ ಅರಿಶಿನ ಬೀಳುತ್ತದೆ. ತರಕಾರಿ ಬೇಯುವಾಗ ಉಪ್ಪಿನ ಜೊತೆ ಇನ್ನೊಮ್ಮೆ. ಹುಳಿಪುಡಿಯಲ್ಲಿ ಅದು ಮೊದಲೇ ಕೂತಿದೆ. ಧನಿಯ, ಮೆಂತ್ಯ, ಒಣಮೆಣಸಿನಕಾಯಿ ಮಿಲ್ಲಿಗೆ ಕಳಿಸುವಾಗ ಎರಡು ಕೊಂಬು ಜಜ್ಜಿ ಹಾಕಿದ್ದು ನಾವೇ. ಒಂದೇ ಪಾತ್ರೆಗೆ ಮೂರು ಸಲ. ಆಮೇಲೆ ಹುಳಿ ಯಾಕೋ ಒಗರು, ಹಸಿ ಮಣ್ಣಿನ ವಾಸನೆ ಎಂದು ಹುಣಿಸೆಹಣ್ಣನ್ನು ಬೈಯುತ್ತೇವೆ. ನಾನೂ ವರ್ಷಗಟ್ಟಲೆ ಬೈದಿದ್ದೇನೆ.

ನನ್ನ ತಕರಾರು ಇಷ್ಟು: ಅರಿಶಿನ ಒಂದು ಸಾಂಬಾರ ಪದಾರ್ಥ ಎನ್ನುವುದನ್ನು ಮರೆತು ಅದನ್ನು ಬಣ್ಣದ ಪುಡಿಯ ಹಾಗೆ ಬಳಸುತ್ತಿದ್ದೇವೆ. ಅದರ ಹಳದಿ ಕರ್ಕ್ಯುಮಿನ್‌ನದು, ಘಮ ಬೇರೆಯೇ ಎಣ್ಣೆಗಳದು. ಡಬ್ಬಿಯಲ್ಲಿಟ್ಟ ಪುಡಿಯಲ್ಲಿ ಮೊದಲು ಹಾರಿಹೋಗುವುದು ಆ ಘಮ. ಬಣ್ಣ ಬಿಸಿಲು ತಾಗದಿದ್ದರೆ ಬಹಳ ಕಾಲ ಇರುತ್ತದೆ. ಹಾಗಾಗಿ ಕಣ್ಣಿಗೆ ಹೊಚ್ಚ ಹೊಸದಾಗಿ ಕಾಣುವ ಪುಡಿ ಮೂಗಿಗೆ ಎಂದೋ ಸತ್ತಿರಬಹುದು. ವಾಸನೆ ಸಾಲದು ಎಂದು ಇನ್ನೊಂದು ಚಮಚ ಹಾಕಿದರೆ ಸಿಗುವುದು ಕಹಿಯೇ.

ಅರಿಶಿನವನ್ನು ಸರಿಯಾಗಿ ಬಳಸಿದ ಅಡುಗೆ ಯಾವುದೆಂದು ಕೇಳಿದರೆ ನಾನು ಚಿತ್ರಾನ್ನವನ್ನು ತೋರಿಸುತ್ತೇನೆ. ಅಲ್ಲಿ ಅದಕ್ಕೆ ಒಂದು ಗಳಿಗೆ ಇದೆ. ಸಾಸಿವೆ ಸಿಡಿದು, ಕಡಲೆಬೇಳೆ, ಉದ್ದಿನಬೇಳೆ ಕೆಂಪಾಗಿ, ಕಡಲೆಕಾಯಿ ಬೀಜ ಹುರಿದು, ಹಸಿಮೆಣಸಿನಕಾಯಿ, ಕರಿಬೇವು ಚಟಪಟ ಅಂದಮೇಲೆ ಉರಿ ತಗ್ಗಿಸಿ ಅರಿಶಿನ ಹಾಕಬೇಕು. ಅದಕ್ಕೂ ಮೊದಲು ಹಾಕಿದರೆ ಸೀಯುತ್ತದೆ. ಎಣ್ಣೆ ಬಿಟ್ಟು ಅನ್ನದ ಮೇಲೇ ಉದುರಿಸಿದರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಬಿಳಿ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೊನೆಗೆ ಹಿಂಡುವ ನಿಂಬೆಹಣ್ಣು ಆ ಹಳದಿಯನ್ನು ಇನ್ನಷ್ಟು ತಿಳಿಯಾಗಿಸುತ್ತದೆ. ಒಗ್ಗರಣೆಯ ಆ ಹತ್ತು ಸೆಕೆಂಡಿನಲ್ಲಿ ಹಸಿ ವಾಸನೆ ಹೋಗಿ ಬೆಚ್ಚನೆಯ ಘಮ ಏಳುತ್ತದೆ. ಆ ಘಮ ಬರಲಿಲ್ಲವೆಂದರೆ ಡಬ್ಬಿ ಖಾಲಿ ಮಾಡುವ ಕಾಲ ಬಂತು.

ಸೋತ ಅಡುಗೆಗಳೂ ಇವೆ. ಹುರುಳಿಕಾಯಿ ಪಲ್ಯಕ್ಕೆ ಅರಿಶಿನ ಯಾಕೆ? ಎಳೆ ಹಸಿರು ಹಳದಿಯ ಜೊತೆ ಸೇರಿ ಬಾಡಿದ ಎಲೆಯ ಬಣ್ಣವಾಗುತ್ತದೆ, ಕಾಯಿತುರಿಯ ಬಿಳುಪೂ ಹೋಗುತ್ತದೆ. ಮಜ್ಜಿಗೆ ಹುಳಿಯ ವಿಷಯದಲ್ಲಿ ಮನೆಮನೆಗೆ ಜಗಳವಿದೆ. ನನ್ನ ಓಟು ಬಿಳಿಯದಕ್ಕೆ. ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವವರಿಗೆ ಇನ್ನೊಂದು ಎಚ್ಚರಿಕೆ: ಸುಣ್ಣ ಸೇರಿದಾಗ ಆರತಿಯ ನೀರು ಕೆಂಪಾಗುವುದು ಯಾವ ಗುಣದಿಂದಲೋ, ಅದೇ ಗುಣದಿಂದ ಸೋಡಾ ಹೆಚ್ಚಾದ ತೊವ್ವೆಯೂ ಕೆಂಚಗಾಗುತ್ತದೆ. ಮೀನಿಗೆ ಉಪ್ಪು, ಅರಿಶಿನ ಸವರಿಡುವವರ ಮೇಲೆ ಮಾತ್ರ ನನಗೆ ಯಾವ ದೂರೂ ಇಲ್ಲ. ಅಲ್ಲಿ ಕೆಲಸ ವಾಸನೆಯದೇ.

ಇಷ್ಟಾದರೂ ಕೈ ಹಿಡಿಯಲು ಮನಸ್ಸು ಬಾರದಿರುವುದಕ್ಕೆ ಕಾರಣ 'ಒಳ್ಳೆಯದಲ್ಲವಾ' ಎಂಬ ಮಾತು. ಲೆಕ್ಕ ಹಾಕೋಣ. ನಾಲ್ಕು ಜನರ ಹುಳಿಗೆ ಕಾಲು ಚಮಚ, ಅಂದರೆ ಮುಕ್ಕಾಲು ಗ್ರಾಂ ಹತ್ತಿರ. ಸಾಮಾನ್ಯ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಎಂದಿಟ್ಟುಕೊಂಡರೆ ಒಬ್ಬರ ಪಾಲಿಗೆ ಬರುವುದು 5-6 ಮಿಲಿಗ್ರಾಂ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜನರಿಗೆ ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್, ನಮ್ಮ ಪಾಲಿನ ಮುನ್ನೂರು ಪಟ್ಟಿಗೂ ಹೆಚ್ಚು. ಅಷ್ಟು ಕೊಟ್ಟರೂ ಅದು ರಕ್ತದಲ್ಲಿ ಕಂಡೂ ಕಾಣದಷ್ಟು. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಇಪ್ಪತ್ತು ಪಟ್ಟು ಏರಿತು. ಇದನ್ನೇ ಹಿಡಿದು ಮೆಣಸಿನ ಸಾರನ್ನು ಔಷಧಿ ಎನ್ನುವವರಿದ್ದಾರೆ. ನೆಗಡಿ ಬಂದಾಗ ನಾನೂ ಅದನ್ನೇ ಕುಡಿಯುತ್ತೇನೆ, ಬಿಸಿಯಾಗಿ ರುಚಿಯಾಗಿ ಇರುತ್ತದೆಂದು.

ಬಣ್ಣದ ಈ ಆಸೆ ಅಡುಗೆಮನೆಯ ಹೊರಗೆ ಏನೆಲ್ಲ ಮಾಡಿಸಿದೆ ಎಂಬುದಕ್ಕೆ ಬಾಂಗ್ಲಾದೇಶದ ಕಥೆಯಿದೆ. ಅಲ್ಲಿನ ಅರಿಶಿನದಲ್ಲಿ ಸೀಸದ ಕ್ರೋಮೇಟ್ ಬೆರೆತಿರುವುದನ್ನು 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಅದು ಪೇಂಟಿಗೆ ಹಾಕುವ ಹಳದಿ, ಮಕ್ಕಳ ಮಿದುಳಿಗೆ ವಿಷ. ಶುರುವಾದದ್ದು 1980ರ ದಶಕದ ಒಂದು ನೆರೆಯಿಂದ: ಕೊಂಬು ಸರಿಯಾಗಿ ಒಣಗದೆ ಮಂಕಾಯಿತು, ಮಂಕಾದದ್ದನ್ನು ಯಾರೂ ಕೊಳ್ಳಲಿಲ್ಲ, ಪಾಲಿಶ್ ಮಾಡುವಾಗ ಬಣ್ಣ ಹಚ್ಚುವುದು ರೂಢಿಯಾಯಿತು. ಮಂಕು ಕೊಂಬು ರುಚಿಯಲ್ಲಿ ಹೇಗಿತ್ತೆಂದು ಯಾರಾದರೂ ಮೂಸಿ ನೋಡಿದ್ದರೋ ಇಲ್ಲವೋ.

ನಮ್ಮಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರು ಗೆಡ್ಡೆ ಬೇಯಿಸಿ, ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿಸಿ ಈರೋಡಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಪಾಲಿಶ್ ಕಾಣದ ಆ ಕೊಂಬು ಮುದಿ ಬೆರಳಿನ ಹಾಗೆ ಸುಕ್ಕುಸುಕ್ಕು. ಸಿಕ್ಕರೆ ಕಾಲು ಕಿಲೋ ತಂದಿಟ್ಟುಕೊಳ್ಳಿ, ತಿಂಗಳಿಗೆ ಬೇಕಾದಷ್ಟೇ ಕುಟ್ಟಿ ಪುಡಿ ಮಾಡಿ. ಹಾಗೇ ಮಿಕ್ಸಿಗೆ ಹಾಕಬೇಡಿ, ಬ್ಲೇಡು ಉಳಿಯುವುದಿಲ್ಲ. ಪೂಜೆಗೆಂದು ಮಾರುವ ಅರಿಶಿನವನ್ನಂತೂ ಒಲೆಯ ಹತ್ತಿರ ತರಲೇಬಾರದು. ಕೈಯಲ್ಲಿ ಕುಟ್ಟಿದ ಪುಡಿ ಅಂಗಡಿಯದರಷ್ಟು ಹೊಳೆಯುವುದಿಲ್ಲ. ಹುಳಿ ಕೊಂಚ ಮಾಸಲಾಗಿ ಕಾಣುತ್ತದೆ. ಮೊದಲ ಸಲ ಮನೆಯಲ್ಲಿ 'ಅರಿಶಿನ ಹಾಕಿಲ್ವಾ?' ಎಂದು ಕೇಳುತ್ತಾರೆ.

ಹಾಗೆ ಕೇಳುವವರನ್ನು ನಾಗರಪಂಚಮಿಯ ದಿನ ದಕ್ಷಿಣ ಕನ್ನಡದ ಯಾವುದಾದರೂ ಮನೆಗೆ ಕಳಿಸಬೇಕು. ಅಲ್ಲಿ ಅರಶಿನದ ಎಲೆಗೆ ರುಬ್ಬಿದ ಅಕ್ಕಿಹಿಟ್ಟು ಸವರಿ, ಕಾಯಿಬೆಲ್ಲದ ಹೂರಣ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಡಿಸಿದರೆ ಕಡುಬು ಬೆಳ್ಳಗಿರುತ್ತದೆ, ಮೇಲೆ ಎಲೆಯ ನರಗಳ ಅಚ್ಚು. ಹಳದಿ ಒಂದು ಚುಕ್ಕೆಯೂ ಇಲ್ಲ. ಅರಶಿನದ ಘಮ ಮಾತ್ರ ಜಗಲಿಯವರೆಗೆ ಬಂದಿರುತ್ತದೆ.