ರಾಳದ ಕೀಟವೂ ಲಕ್ಷಣವಾಕ್ಯವೂ

ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ದೊರೆತ, ಸುಮಾರು 5 ಕೋಟಿ ವರ್ಷಗಳ ಹಿಂದಿನ ರಾಳಶಿಲೆಯಲ್ಲಿ 700ಕ್ಕೂ ಮಿಕ್ಕ ಕೀಟಾದಿ ಜೀವಿಗಳು ಹುದುಗಿರುವ ಸಂಗತಿಯು 2010ರಲ್ಲಿ ಪ್ರಕಟವಾಯಿತು. ಇಂಥವುಗಳಿಗೆ ಹೊಸ ಹೆಸರಿಡುವ ಬರಹಗಳನ್ನು ಸಾಹಿತ್ಯದವರೂ ಓದಬೇಕೆಂಬುದು ನನ್ನ ಪಕ್ಷ.

ಅವು ಶುದ್ಧ ಲಕ್ಷಣಗ್ರಂಥಗಳು. 1930ರಿಂದೀಚಿನ ಹೆಸರು ಸಲ್ಲಬೇಕಾದರೆ, ಅದನ್ನು ಇತರ ಜಾತಿಗಳಿಂದ ಬೇರ್ಪಡಿಸುವ ಗುಣಗಳನ್ನು ಮಾತಿನಲ್ಲಿಯೇ ಹೇಳಿರಬೇಕು, ಚಿತ್ರವೊಂದೇ ಸಾಲದು. ಇದು ನಮ್ಮ ತಾರ್ಕಿಕರ ವ್ಯಾವರ್ತಕಧರ್ಮವೇ ಸರಿ. ರೆಕ್ಕೆಯ ನರಗಳ ಕವಲು, ಮೀಸೆಯ ಗಣ್ಣುಗಳ ಎಣಿಕೆ, ಇಷ್ಟೇ ಅಲ್ಲಿ ಬೆಲೆಯುಳ್ಳ ಮಾತು. ‘ಮನೋಹರವಾದ’ ಎಂಬ ವಿಶೇಷಣವು ಅತಿವ್ಯಾಪ್ತಿ.

ಆದರೆ ಒಂದು ಶಂಕೆ. ಒಂದೇ ವ್ಯಕ್ತಿಯನ್ನು ಕಂಡು ಜಾತಿಯ ಲಕ್ಷಣವನ್ನು ಹೇಳುವುದೆಂತು? ದೊರೆತದ್ದು ಗಂಡಾಗಿ, ಹೆಣ್ಣು ಬೇರೆ ರೂಪದ್ದಾದರೆ ಅವ್ಯಾಪ್ತಿಯಷ್ಟೆ! ಪ್ರಾಣಿನಾಮಗಳ ಅಂತಾರಾಷ್ಟ್ರೀಯ ಸಂಹಿತೆಯ ಸಮಾಧಾನವು ಮೆಚ್ಚತಕ್ಕದ್ದು: ಹೆಸರು ಲಕ್ಷಣಕ್ಕಲ್ಲ, ಆ ಮಾದರಿಗೆ ಅಂಟಿರುವುದು, ಲಕ್ಷಣವನ್ನು ಮುಂದಿನವರು ತಿದ್ದಬಹುದು. ನಮ್ಮ ಆಲಂಕಾರಿಕರಲ್ಲಿ ಕೆಲವರು ಲಕ್ಷಣವನ್ನು ಬಿಡಲೊಲ್ಲದೆ ಕಾವ್ಯವನ್ನೇ ಬಗ್ಗಿಸಿದರು.

ಕನ್ನಡದ ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ‘ಅಂಬರದಲ್ಲಿ ಸಿಕ್ಕಿದ ಕೀಟ’ವೆಂಬುದನ್ನು ಮಳವಳ್ಳಿಯ ಕಡೆಯ ಹುಡುಗನೊಬ್ಬನು ಆಕಾಶದ ಹುಳುವೆಂದು ತಿಳಿದನು, ತಪ್ಪು ಅವನದಲ್ಲ. ‘ತೃಣಮಣಿ’ಯು ಉಜ್ಜಿದರೆ ಹುಲ್ಲನ್ನೆಳೆವ ಗುಣವನ್ನು ಹೇಳುವುದೇ ಹೊರತು ಹುಟ್ಟನ್ನು ಹೇಳದು. ಗುಜರಾತಿನ ಆ ರಾಳವಾದರೋ ನಮ್ಮ ಘಟ್ಟದ ಧೂಪದ ಮರದ ಕುಟುಂಬದಿಂದ ಒಸರಿದ್ದು. ಅಮರಕೋಶದಲ್ಲಿಯೇ ‘ರಾಳ’, ‘ಸರ್ಜರಸ’ಗಳಿವೆ. ಆದುದರಿಂದ ‘ರಾಳಶಿಲೆ’ ಎನ್ನೋಣ. ಮಂಡ್ಯ, ಮದ್ದೂರುಗಳ ಬಂಡೆ ಮರಗಳೇ ಹುಟ್ಟುವ ಮೊದಲಿನದು; ಅದರಲ್ಲಿ ಇದು ಸಿಕ್ಕದು. ಜಾಲಿಯ ಅಂಟಿನಲ್ಲಿ ಸಿಕ್ಕಿಕೊಂಡ ಇರುವೆಯನ್ನು ಅಧ್ಯಾಪಕರು ಮಕ್ಕಳಿಗೆ ತೋರಿಸಬಹುದು. ಆದರೆ ಅಂಟು ನೀರಿನಲ್ಲಿ ಕರಗುವುದು, ರಾಳ ಕರಗದು ಎಂಬುದನ್ನೂ ಒಡನೆಯೇ ಹೇಳಬೇಕು.