ಸ್ವರ ತಿರುಗಿದರೆ ಕಿವಿ ನೆಟ್ಟಗಾಗಲಿ

ಸ್ಪ್ಯಾನಿಷ್ ಕಲಿಯುವವರು ಸಬ್ಜಂಕ್ಟಿವ್ (ಹಾರೈಕೆ, ಅಪ್ಪಣೆ, ಅನಿಶ್ಚಿತತೆ ಸೂಚಿಸುವ ಕ್ರಿಯಾರೂಪ) ಪಾಠ ಬಂದ ಕೂಡಲೇ ಕೋಷ್ಟಕ ಉರುಹೊಡೆಯಲು ಕೂರುತ್ತಾರೆ. ಅದು ಆಮೇಲಾಗಲಿ, ಮೊದಲು ಕಿವಿಗೆ ಕೆಲಸ ಕೊಡಿ. ಹಿಡಿಯಬೇಕಾದದ್ದು ಕ್ರಿಯಾಪದದ ಕೊನೆಯ ಸ್ವರ. ‘ಅಬ್ಲಾ’ ಅಂದರೆ ಮಾತಾಡುತ್ತಾನೆ, ‘ಅಬ್ಲೆ’ ಅಂದರೆ ಮಾತಾಡಲಿ. ‘ಕೊಮೆ’ ತಿನ್ನುತ್ತಾನೆ, ‘ಕೊಮಾ’ ತಿನ್ನಲಿ. ‘ಆ’ ಇದ್ದಲ್ಲಿ ‘ಎ’, ‘ಎ’ ಇದ್ದಲ್ಲಿ ‘ಆ’.

ಹಿರಿಯರಿಗೆ, ಅಪರಿಚಿತರಿಗೆ ಹೇಳುವ ಮರ್ಯಾದೆಯ ಅಪ್ಪಣೆಯೂ ಇದೇ ರೂಪ. ಅವರನ್ನು ಕರೆಯುವ ‘ಉಸ್ತೆದ್’ ಪದ ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆ ಸವೆದು ಆದದ್ದು. ಎದುರಿಗಿದ್ದವರನ್ನೇ ಪ್ರಥಮ ಪುರುಷದಲ್ಲಿ ಮಾತಾಡಿಸುವ ರೀತಿ ಅದು, ನಮ್ಮಲ್ಲಿ ‘ಸ್ವಾಮಿಗಳು ದಯಮಾಡಿಸಲಿ’ ಅನ್ನುವಂತೆ. ಹೀಗಾಗಿ ಅಪ್ಪಣೆಗೂ ಹಾರೈಕೆಗೂ ರೂಪ ಒಂದೇ. ಮೆಕ್ಸಿಕೋದಲ್ಲಿ ಸೆಪ್ಟೆಂಬರ್ 15ರ ರಾತ್ರಿ ಸ್ವಾತಂತ್ರ್ಯೋತ್ಸವದಲ್ಲಿ ಮೊಳಗುವ ‘ವೀವಾ’ ಕೂಡ ಇದೇ: ಬಾಳಲಿ!

ಸ್ಪೇನಿನಲ್ಲಿ ಫೋನೆತ್ತಿ ‘ದಿಗಾಮೆ’ ಅನ್ನುತ್ತಾರೆ, ‘ಹೇಳಿ’ ಎಂದು. ‘ನನಗೆ’ ಎಂಬ ‘ಮೆ’ ಬಾಲಕ್ಕೆ ಅಂಟಿದೆ. ‘ಬೇಡ’ ಸೇರಿದರೆ ಅದು ಮುಂದಕ್ಕೆ ಜಿಗಿಯುತ್ತದೆ: ‘ನೊ ಮೆ ದಿಗಾ’. ಇದನ್ನು ಹುಬ್ಬೇರಿಸಿ ಹೇಳಿದರೆ ‘ಏನ್ ಹೇಳ್ತೀರಿ!’ ಎಂಬ ಬೆರಗು. ಈ ರೂಪ ಹುಟ್ಟುವುದು ‘ನಾನು’ ರೂಪದಿಂದ: ‘ದಿಗೊ’ (ಹೇಳುತ್ತೇನೆ) ಇಂದ ‘ದಿಗಾ’, ‘ತೆಂಗೊ’ (ನನ್ನಲ್ಲಿದೆ) ಇಂದ ‘ತೆಂಗಾ’. ತೆಂಗಿನಕಾಯಿಗೂ ಇದಕ್ಕೂ ನಂಟಿಲ್ಲ. ಈ ಜಾಡಿಗೆ ಬಾರದ ಕ್ರಿಯಾಪದಗಳು ಆರೇ, ಬಳಸುತ್ತ ಬರುತ್ತವೆ.

ನಿಜವಾದ ರುಚಿ ಇರುವುದು ಉಪವಾಕ್ಯದಲ್ಲಿ. ‘ಪಯೆಯಾ ಮಾಡಬಲ್ಲ ಅಡುಗೆಯವನನ್ನು ಹುಡುಕುತ್ತಿದ್ದೇನೆ’ ಎಂಬ ಮಾತು ತೆಗೆದುಕೊಳ್ಳಿ. ‘ಬಲ್ಲ’ ಎಂಬುದಕ್ಕೆ ‘ಸಾಬೆ’ ಅಂದರೆ ಅಂಥವನೊಬ್ಬ ಇದ್ದಾನೆ. ನನಗೆ ಗೊತ್ತು, ಎಲ್ಲಿ ಹೋದನೋ ಕಾಣುತ್ತಿಲ್ಲ. ‘ಸೆಪಾ’ ಅಂದರೆ ಅಂಥವನು ಯಾರಾದರೂ ಸಿಕ್ಕಾನೇ ಎಂದು. ಭೂಮಿಯ ಮೇಲೆ ಇಲ್ಲದೆಯೂ ಇರಬಹುದು. ಗುರುತಿನ ವ್ಯಕ್ತಿಯಾದರೆ ಅವನ ಮುಂದೆ ‘ಆ’ ಎಂಬ ಪುಟ್ಟ ಪದವೂ ಬರುತ್ತದೆ, ಯಾರಾದರೂ ಸರಿ ಎಂದಾಗ ಅದು ಬಿದ್ದುಹೋಗುತ್ತದೆ. ನಾವು ‘ಯಾರಾದರೂ’ ಸೇರಿಸಿ ಹೇಳುವುದನ್ನು ಅವರು ಕ್ರಿಯಾಪದದೊಳಗೇ ಮುಗಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಭಾಷೆಯಲ್ಲಿ ಇಷ್ಟು ನಾಜೂಕಾದ ಜಾಗ ಇನ್ನೊಂದಿಲ್ಲ.

‘ಓಹಲಾ’ ಕೇಳಿಸಿದರೆ ಮುಂದಿನದು ಸಬ್ಜಂಕ್ಟಿವ್ ಎಂದೇ ತಿಳಿಯಿರಿ. ‘ದೇವರಿಚ್ಛೆಯಿದ್ದರೆ’ ಎಂಬ ಅರಬ್ಬಿ ಮಾತಿನಿಂದ ಬಂದ ಪದವದು. ಅಂಗಡಿಯಲ್ಲಿ ಕೇಳಿಸುವ ‘ಕಿಸಿಯೆರಾ’ ಕೂಡ ಸಬ್ಜಂಕ್ಟಿವ್ ರೂಪವೇ: ‘ಬೇಕಿತ್ತು’ ಎಂಬ ನಯ. ಭವಿಷ್ಯತ್ಕಾಲದ ಸಬ್ಜಂಕ್ಟಿವ್ ಒಂದು ಕಾನೂನು ಪುಸ್ತಕಗಳಲ್ಲಿ ಉಸಿರು ಹಿಡಿದುಕೊಂಡಿದೆ. ಅದನ್ನು ವಕೀಲರಿಗೆ ಬಿಟ್ಟುಬಿಡಿ.