ವಾಟ ಹಿಡಿಯುವ ಕೈ

ನಾಲ್ಕು ಮನೆಗೆ ಒಂದೇ ಓಣಿ. ಬಿರುಮಳೆ ಬಿದ್ದರೆ ಸಾಕು, ಯಾರ ಮನೆ ನೀರು ಯಾರ ಬಾಗಿಲಿಗೆ ಎಂಬ ತಕರಾರು ಶುರು. ಅದನ್ನು ಹುಟ್ಟುವ ಮೊದಲೇ ಅಡಗಿಸುವ ವಿದ್ಯೆ ನಮ್ಮ ಗಾರೆ ಕೆಲಸದವರ ಕೈಯಲ್ಲಿದೆ. ಅದರ ಹೆಸರು ‘ವಾಟ’: ನೀರು ಹರಿಯುವಷ್ಟು, ಕಾಲಿಗೆ ಗೊತ್ತಾಗದಷ್ಟು ಇಳಿಜಾರು.

ನೂರು ಚದರ ಮೀಟರ್ ಓಣಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1,000 ಲೀಟರ್ ನೀರು. ಸೂರಿನಿಂದ ಇಳಿಯುವುದು ಬೇರೆ. ಇಷ್ಟೂ ನೀರು ನಿಲ್ಲದಿರಲು ಐವತ್ತಕ್ಕೆ ಒಂದರ ವಾಟ, ಅಂದರೆ ಹತ್ತು ಅಡಿಗೆ ಸುಮಾರು ಎರಡೂವರೆ ಇಂಚಿನ ಇಳಿತ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡೂ ತುದಿಯ ಮಟ್ಟ ಗುರುತಿಸಿ, ದಾರ ಬಿಗಿದು ಮೇಸ್ತ್ರಿ ಈ ವಾಟ ಹಿಡಿಯುತ್ತಾರೆ. ನೀರಿನ ಹಾದಿಯನ್ನು ನೀರೇ ಅಳೆದುಕೊಡುತ್ತದೆ!

ರಾಮನಗರ, ಕನಕಪುರ, ಮಾಗಡಿ ಕಡೆ ಓಣಿಗೆ ಹಾಸುವ ಕಲ್ಲಿಗೆ ಬರವಿಲ್ಲ. ಇಲ್ಲಿನ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಚಪ್ಪಡಿ ಹಾಸಿ ಸಂದಿಗೆ ಮರಳು ತುಂಬಿದರೆ ಒಂದಿಷ್ಟು ನೀರು ನೆಲಕ್ಕೂ ಇಂಗುತ್ತದೆ. ಕಾಂಕ್ರೀಟಿಗೆ ಆ ಔದಾರ್ಯವಿಲ್ಲ.

2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರ, ಚನ್ನಪಟ್ಟಣದ ಬಳಿ ಹೆದ್ದಾರಿಯ ಮೇಲೇ ನೀರು ನಿಂತಿತ್ತು. ಅಂಥ ಪ್ರವಾಹಕ್ಕೆ ಓಣಿಯ ವಾಟ ಉತ್ತರವಲ್ಲ. ಆದರೆ ವರ್ಷವರ್ಷದ ಮಳೆಗೆ, ನೆರೆಹೊರೆಯ ನೆಮ್ಮದಿಗೆ ಅದೇ ಪಂಚಾಯಿತಿಕಟ್ಟೆ. ಕೆಟ್ಟ ವಾಟ ಮೊದಲ ಮಳೆಗೇ ಮಡುಗಟ್ಟಿ ಎದ್ದು ಕಾಣುತ್ತದೆ. ಒಳ್ಳೆಯದು ಕಣ್ಣಿಗೇ ಬೀಳುವುದಿಲ್ಲ. ಮಳೆ ನಿಂತ ಅರ್ಧ ಗಂಟೆಗೆ ಓಣಿ ಬರಿದಾಗಿದ್ದರೆ ಆ ಮೇಸ್ತ್ರಿಯನ್ನು ಒಮ್ಮೆ ನೆನೆಯಿರಿ.